ಜಗುಲಿಯ ಕೈಮರ

ಕಾರವಾರದಿಂದ ಕುಮಟೆಗೆ ಹೋಗುವ ಹೆದ್ದಾರಿಯಿಂದ ಹುಬ್ಬಳ್ಳಿಯ ದಾರಿ ಕವಲೊಡೆದು ಘಟ್ಟದ ಕಡೆಗೆ ಮುಖಮಾಡುವ ಬಾಳೆಗುಳಿಯ ಕೂಡುದಾರಿಯಲ್ಲಿ, ನನ್ನ ಬಾಲ್ಯಕಾಲದಲ್ಲಿ, ಊರುಗಳ ಹೆಸರನ್ನೂ ಮೈಲಿಗಳ ಲೆಕ್ಕವನ್ನೂ ಬರೆದ ಹಲಗೆಗಳನ್ನು ತೋಳುಗಳಂತೆ ಚಾಚಿಕೊಂಡು ಒಂದು ಕಂಬ ನಿಂತಿದ್ದಿತು. ಅದನ್ನು ನಾವು ಕೈಮರವೆಂದು ಕರೆಯುತ್ತಿದ್ದೆವು. ರೈಲುದಾರಿಯ ಸಿಗ್ನಲ್ಲಿಗೂ ಕನ್ನಡದಲ್ಲಿ ಅದೇ ಹೆಸರು ಸಲ್ಲುತ್ತದೆಂಬುದು, ಹತ್ತು ವರ್ಷ ತುಂಬುವವರೆಗೆ ರೈಲನ್ನೇ ಕಾಣದಿದ್ದ ನನಗೆ ತಿಳಿದಿರಲಿಲ್ಲ. ದಾರಿಯ ಕೈಮರ ಹಗಲಿರುಳು ಒಂದೇ ಮಾತನ್ನು ಹೇಳುತ್ತದೆ. ಯಾರು ಬಂದರೂ ಯಾರು ಹೋದರೂ ಅದರ ತೋಳು ಮಿಸುಕದು. ರೈಲಿನ ಕೈಮರವಾದರೋ ಮುಂದಿನ ದಾರಿಯ ಸ್ಥಿತಿಯನ್ನು ಅರಿತು ಆ ಕ್ಷಣದ ಸತ್ಯವನ್ನು ಸಾರಬೇಕಾದದ್ದು. ಈ ಭೇದವನ್ನು ನನಗೆ ಮೊದಲು ತೋರಿಸಿದವರು ನನ್ನ ಸೋದರಮಾವ. ಅದು ನನ್ನ ಬುದ್ಧಿಗೆ ಪೂರ್ತಿಯಾಗಿ ಇಳಿಯುವುದಕ್ಕೆ ಹಿಡಿದದ್ದು ಅರ್ಧ ಶತಮಾನ.

ಕರಾವಳಿಯ ಮಕ್ಕಳಾದ ನಾವು ರೈಲಿಲ್ಲದೆ ಬೆಳೆದುದಕ್ಕೆ ಹಳೆಯ ಕಾರಣವೊಂದುಂಟು. ಬಯಲುಸೀಮೆಯ ಹತ್ತಿಯನ್ನು ಕಡಲಿಗೆ ಇಳಿಸುವುದಕ್ಕಾಗಿ ಕಾರವಾರಕ್ಕೆ ಕಬ್ಬಿಣದ ದಾರಿಯನ್ನು ಹಾಕಬೇಕೆಂಬ ಆಲೋಚನೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಡೆದಿದ್ದರೂ, 1878ರಲ್ಲಿ ಬ್ರಿಟಿಷರಿಗೂ ಪೋರ್ತುಗೀಜರಿಗೂ ಒಪ್ಪಂದವಾದ ಬಳಿಕ ಆ ದಾರಿ ಲೋಂಡಾ, ಕ್ಯಾಸಲ್‌ರಾಕ್‌ಗಳ ಮೂಲಕ ಮಾರ್ಮಗೋವೆಯ ಬಂದರಿಗೆ ಇಳಿಯಿತು. ನಮ್ಮ ಬಂದರು ನೋಡುತ್ತ ಉಳಿಯಿತು. ಹೀಗಾಗಿ ಅಂಕೋಲೆಯವರಿಗೆ ರೈಲೆಂದರೆ ಅರಬೈಲ ಘಟ್ಟವನ್ನು ಹತ್ತಿ, ಯಲ್ಲಾಪುರವನ್ನು ದಾಟಿ, ಹುಬ್ಬಳ್ಳಿಯನ್ನು ಸೇರಿದ ಮೇಲೆ ಕಾಣುವ ವಸ್ತುವಾಗಿದ್ದಿತು.

1956ರ ಬೇಸಗೆಯಲ್ಲಿ, ನಮ್ಮ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, ಮಾವ ನನ್ನನ್ನು ತಮ್ಮೊಡನೆ ಲೋಂಡಾಕ್ಕೆ ಕರೆದೊಯ್ದರು. ಅವರು ಅಲ್ಲಿ ಸಿಗ್ನಲ್ ಫಿಟ್ಟರರಾಗಿದ್ದರು. ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ಧಾರವಾಡ, ಅಳ್ನಾವರಗಳ ಮೇಲೆ ಹಾಯ್ದು ಹೋಗುವ ಮೀಟರ್ ಗೇಜಿನ ಗಾಡಿ. ಮೊದಲ ರೈಲುಪ್ರಯಾಣದ ಸಂಭ್ರಮವನ್ನು ನಾನು ಇಲ್ಲಿ ವರ್ಣಿಸಹೋಗುವುದಿಲ್ಲ. ಅದು ಎಲ್ಲರಿಗೂ ಇರುವಂಥದೇ. ನನ್ನ ಚಿತ್ತವನ್ನು ಸೆರೆಹಿಡಿದುದು ಎಂಜಿನ್ನೂ ಅಲ್ಲ, ಗಾಲಿಗಳೂ ಅಲ್ಲ. ಲೋಂಡಾ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಗಾಡಿ ಔಟರಿನಲ್ಲಿ ಉಸಿರುಬಿಡುತ್ತ ನಿಂತುಕೊಂಡಾಗ, ಕಿಟಕಿಯಿಂದ ಇಣುಕಿದ ನನಗೆ ಕಂಡ, ಕಾಡಿನ ಹಸುರಿನ ನಡುವೆ ಅಡ್ಡವಾಗಿ ಚಾಚಿದ ಒಂದು ಕೆಂಪು ತೋಳು. ಅದು ನಿಲ್ಲೆಂದುದರಿಂದ ನೂರಾರು ಜನರನ್ನು ಹೊತ್ತ ಆ ಮಹಾಯಂತ್ರ ನಿಂತಿದ್ದಿತು. ಸ್ವಲ್ಪ ಹೊತ್ತಿನಲ್ಲಿ ತೋಳು ಸರ್ರನೆ ಕೆಳಕ್ಕೆ ಬಾಗಿತು; ಯಾರೋ ಅಪ್ಪಣೆಕೊಟ್ಟಂತೆ ಗಾಡಿ ಮುಂದಕ್ಕೆ ಹೊರಟಿತು. ಅಪ್ಪಣೆ ಕೊಟ್ಟವರು ಮಾತ್ರ ಕಾಣಲಿಲ್ಲ.

ಆ ಕಾಣದ ಕೈಯನ್ನು ಮಾವ ನನಗೆ ತೋರಿಸಿದರು. ಬೆಳಗ್ಗೆ ಅವರು ಚೀಲವನ್ನು ಹೆಗಲಿಗೇರಿಸಿ ಹೊರಟರೆ ನಾನೂ ಹಿಂದೆ ನಡೆಯುತ್ತಿದ್ದೆನು. ಕ್ಯಾಬಿನ್ನಿನಲ್ಲಿ ಸಾಲಾಗಿ ನಿಂತ ಲೀವರುಗಳು, ಅವುಗಳ ಬುಡದಿಂದ ಹೊರಟು ಹಳಿಯ ಪಕ್ಕದ ಗಿಡ್ಡಗೂಟಗಳ ಮೇಲಿನ ಗಾಲಿಗಳ ಮೇಲೆ ಹರಿದುಹೋಗುವ ತಂತಿಗಳು, ತಂತಿಯ ಕೊನೆಗೆ ಕಂಬದ ಬುಡದಲ್ಲಿ ಭಾರದ ಗುಂಡನ್ನು ಹೊತ್ತ ಸನ್ನೆ, ಅಲ್ಲಿಂದ ಮೇಲಕ್ಕೇರುವ ಸಲಾಕೆ, ಅದರ ತುದಿಯಲ್ಲಿ ತೋಳು. ಬೇಸಗೆಯ ಬಿಸಿಲಿಗೆ ಉದ್ದನೆಯ ತಂತಿ ಹಿಗ್ಗಿ ಸಡಿಲವಾದರೆ ಲೀವರನ್ನು ಪೂರ್ತಿಯಾಗಿ ಎಳೆದರೂ ತೋಳು ಅರೆಬರೆಯಾಗಿ ಇಳಿಯುತ್ತದೆ. ಅದನ್ನು ಹೊತ್ತುಹೊತ್ತಿಗೆ ಬಿಗಿಮಾಡುವುದು ಮಾವನವರ ಕೆಲಸಗಳಲ್ಲೊಂದು. ಸಂಜೆ ದೀಪದವನು ಸೀಮೆಎಣ್ಣೆಯ ದೀಪವನ್ನು ಹಿಡಿದು ಕಂಬದ ಏಣಿಯನ್ನೇರುವನು. ಹಸುರು ಬೆಳಕನ್ನು ಕೊಡುವ ಗಾಜನ್ನು ಹಗಲಿನಲ್ಲಿ ಹತ್ತಿರದಿಂದ ನೋಡಿದರೆ ಅದು ಹಸುರಲ್ಲ, ನೀಲಿಯ ಛಾಯೆಯದು. ಸೀಮೆಎಣ್ಣೆಯ ಹಳದಿ ಜ್ವಾಲೆಯೊಡನೆ ಕೂಡಿದಾಗಲೇ ಅದು ಹಸುರಾಗುವುದು. ದೀಪದ ಬೆನ್ನಿಗೂ ಒಂದು ಕಿರುಗಂಡಿಯಿದ್ದು, ತೋಳು ಅಡ್ಡವಾಗಿರುವಾಗ ಮಾತ್ರ ಅದರಿಂದ ಬಿಳಿಯ ಚುಕ್ಕೆಯೊಂದು ಕ್ಯಾಬಿನ್ನಿನ ಕಡೆಗೆ ಕಾಣುತ್ತಿದ್ದಿತು. ಕತ್ತಲಲ್ಲಿ ತಾನು ಎಳೆದ ಲೀವರಿಗೆ ದೂರದ ತೋಳು ವಿಧೇಯವಾಯಿತೆ ಇಲ್ಲವೆ ಎಂದು ಕ್ಯಾಬಿನ್ನಿನವನು ತಿಳಿಯುವ ಬಗೆ ಅದು. ಹಿಂದಿನ ವರ್ಷವಷ್ಟೆ ಗೋವೆಯ ಗಾಡಿಗಳು ಗಡಿಯಲ್ಲಿ ನಿಂತುಹೋಗಿದ್ದುದರಿಂದ ಕ್ಯಾಸಲ್‌ರಾಕಿನ ಕಡೆಯ ಕೈಮರಕ್ಕೆ ಕೆಲಸ ಕಡಮೆ. ಆದರೂ ಮಾವ ಅದಕ್ಕೂ ಎಣ್ಣೆ ಹಾಕುತ್ತಿದ್ದರು.

ಊರಿಗೆ ಮರಳಿದ ನಾನು ಮಳೆಗಾಲದ ಆ ಜೂನ್ ತಿಂಗಳೆಲ್ಲ ನಮ್ಮ ಮನೆಯ ಜಗುಲಿಯ ಮೇಲೆ ಲೋಂಡಾವನ್ನು ಕಟ್ಟಿದೆನು. ಬಿದಿರಿನ ಸೀಳುಗಳೇ ಹಳಿ, ಬೆಂಕಿಪೆಟ್ಟಿಗೆಗಳೇ ಡಬ್ಬಿ, ಎಂಜಿನನ್ನು ದಾರ ಕಟ್ಟಿ ಎಳೆಯುವವಳು ನನ್ನ ತಂಗಿ. ಇವಕ್ಕೆಲ್ಲ ನಾನು ಹೆಚ್ಚಿನ ಬೆಲೆ ಕೊಡಲಿಲ್ಲ. ನನ್ನ ಶ್ರದ್ಧೆಯೆಲ್ಲ ಕೈಮರದ ಮೇಲೆ. ಮುರಿದ ಕೊಡೆಯ ಕಡ್ಡಿಯನ್ನು ಕಂಬವಾಗಿ ನಿಲ್ಲಿಸಿ, ಬಿಸ್ಕತ್ತಿನ ಡಬ್ಬದ ತಗಡನ್ನು ಕತ್ತರಿಸಿ ತೋಳು ಮಾಡಿ, ಕೆಂಪು ಬಳಿದು, ತುದಿಯ ಬಳಿ ಬಿಳಿಯ ಪಟ್ಟೆಯೊಂದನ್ನು ಎಳೆದು, ಗುಂಡುಸೂಜಿಯ ಕೀಲಿನ ಮೇಲೆ ತಿರುಗುವಂತೆ ಕೂರಿಸಿದೆನು. ತೋಳಿಗೆ ಕಟ್ಟಿದ ದಾರವನ್ನು ಮೊಳೆಗಳ ಮೇಲೆ ಹಾಯಿಸಿ ಜಗುಲಿಯ ಇನ್ನೊಂದು ಕೊನೆಯವರೆಗೆ ತಂದು ಒಂದು ಮರದ ತುಂಡಿಗೆ ಬಿಗಿದೆನು. ದಾರವನ್ನು ಎಳೆದು ಸಿಕ್ಕಿಸಿದರೆ ತೋಳು ಏರಿ ಅಡ್ಡವಾಗಿ ನಿಲ್ಲುವುದು; ಸಡಿಲಬಿಟ್ಟರೆ ತನ್ನ ಭಾರದಿಂದ ತಾನೇ ಇಳಿಯುವುದು. ನೋಡಿದವರೆಲ್ಲರೂ ಮೆಚ್ಚಿದರು. ಬೀದಿಯ ಹುಡುಗರು ಮಳೆಯಲ್ಲಿ ನೆನೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂತು ನೋಡಿದರು.

ಚೌತಿಯ ಹಬ್ಬಕ್ಕೆಂದು ಬಂದ ಮಾವ ಜಗುಲಿಯ ಮೇಲೆ ಮೊಣಕಾಲೂರಿ ಕುಳಿತು, ಏನೊಂದೂ ಮಾತನಾಡದೆ, ಎಲ್ಲವನ್ನೂ ಕಣ್ಣುತುಂಬ ನೋಡಿದರು. ಅನಂತರ ಅಡಕತ್ತರಿಯನ್ನು ತರಿಸಿಕೊಂಡು, ಎಳೆದು ನಿಲ್ಲಿಸಿದ್ದ ದಾರವನ್ನು ನಡುವೆ ಕತ್ತರಿಸಿಬಿಟ್ಟರು. ತೋಳು ತೊಪ್ಪನೆ ಕೆಳಕ್ಕೆ ಬಿದ್ದಿತು.

“ತಮಾ, ಈಗ ನಿನ್ನ ಕೈಮರ ಏನ್ ಹೇಳ್ತು?”

ನಾನು ಅಳುವನ್ನು ತಡೆದುಕೊಂಡು ನಿಂತಿದ್ದೆನು.

“ಬಾ ಗಾಡಿ ಅಂತು. ದಾರ ಹರಿದದ್ದು ಡ್ರೈವರನಿಗೆ ಗೊತ್ತಾಗೂದಿಲ್ಲ. ಅವ್ನಿಗೆ ಕಾಣೂದು ಕೈ ಒಂದೇ. ಆಡ್ತದೆ ನಿನ್ನ ಕೈಮರ, ಕೆಲ್ಸ ಮಾಡೂದಿಲ್ಲ.”

ಆಮೇಲೆ ಅವರೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೇಲೇಕೇರಿಯಿಂದ ಮೀನು ತರುವ ಹೆಂಗಸಿನಿಂದ ಬಲೆಗೆ ಕಟ್ಟುವ ಸೀಸದ ಗುಂಡೊಂದನ್ನು ಬೇಡಿ ತರಿಸಿ, ತೋಳನ್ನು ಕೀಲಿನಿಂದ ಹಿಂದಕ್ಕೂ ಒಂದು ಬೆರಳಷ್ಟು ಚಾಚುವಂತೆ ಹೊಸದಾಗಿ ಕತ್ತರಿಸಿ, ಆ ಹಿಂದುಗಡೆಗೆ ಸೀಸವನ್ನು ಬಿಗಿದರು. ಈಗ ತೋಳಿನ ಸಹಜಸ್ಥಿತಿಯೇ ಅಡ್ಡವಾಗಿರುವುದು, ಇಳಿಸಬೇಕಾದರೆ ಎಳೆಯಬೇಕು. ಎಳೆದ ದಾರ ಹರಿದರೂ, ಎಳೆಯುವವನು ಮರೆತರೂ, ಮೊಳೆ ಕಿತ್ತುಬಂದರೂ ಸೀಸದ ಭಾರ ತೋಳನ್ನು ಮತ್ತೆ ನಿಲ್ಲೆಂಬ ಸ್ಥಾನಕ್ಕೆ ತರುವುದು. ಹೋಗೆಂದು ಹೇಳುವುದಕ್ಕೆ ಪ್ರಯತ್ನ ಬೇಕು. ನಿಲ್ಲೆಂದು ಹೇಳುವುದಕ್ಕೆ ಯಾರೂ ಬೇಡ. ಲೋಂಡಾದ ಕಂಬದ ಬುಡದಲ್ಲಿ ನಾನು ಕಂಡಿದ್ದ ಭಾರದ ಗುಂಡು ಏತಕ್ಕೆಂಬುದು ಆಗ ನನಗೆ ಹೊಳೆಯಿತು. ನೋಡಿದ್ದೆನು, ಆದರೆ ಅಲಂಕಾರವೆಂದು ಭಾವಿಸಿ ಬಿಟ್ಟಿದ್ದೆನು.

ಮುಂದೆ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಕಲಿಸುವ ವೃತ್ತಿಯನ್ನು ಕೈಕೊಂಡ ಮೇಲೆ, ಈ ತಿಳಿವಳಿಕೆಗೆ ಮನುಷ್ಯರು ಎಷ್ಟು ಬೆಲೆ ತೆತ್ತರೆಂಬುದನ್ನು ಓದಿ ತಿಳಿದೆನು. ಇಂಗ್ಲೆಂಡಿನಲ್ಲಿ ಮೊದಮೊದಲು ಕೆಲವು ರೈಲುದಾರಿಗಳ ಕೈಮರಗಳು ‘ಹೋಗು’ ಎನ್ನುವಾಗ ತೋಳನ್ನು ಕಂಬದ ಸೀಳಿನೊಳಕ್ಕೆ ಮಡಚಿಕೊಳ್ಳುತ್ತಿದ್ದುವು. 1876ರ ಜನವರಿಯಲ್ಲಿ ಆಬಟ್ಸ್ ರಿಪ್ಟನ್ ಎಂಬಲ್ಲಿ ಹಿಮ ಸುರಿದು ಆ ಸೀಳುಗಳಲ್ಲಿ ಗಟ್ಟಿಕಟ್ಟಿತು. ಕ್ಯಾಬಿನ್ನಿನವನು ಲೀವರನ್ನು ಹಿಂದಕ್ಕೆ ಹಾಕಿದರೂ ತೋಳು ಹೊರಬರಲಿಲ್ಲ. ಕಲ್ಲಿದ್ದಲಿನ ಗಾಡಿಗೆ ಎಕ್ಸ್‌ಪ್ರೆಸ್ ಗಾಡಿ ಹಾಯಿತು, ಆ ಅವಶೇಷಕ್ಕೆ ಎದುರಿನಿಂದ ಬಂದ ಇನ್ನೊಂದು ಗಾಡಿ ಹಾಯಿತು. ದೀಪದ ಕಥೆಯೂ ಅಂಥದೇ. ಆ ಕಾಲದಲ್ಲಿ ‘ಹೋಗು’ ಎಂಬುದಕ್ಕೆ ಬಿಳಿಯ ಬೆಳಕು, ಎಚ್ಚರಿಕೆಗೆ ಹಸುರು. ಕೆಂಪು ಗಾಜು ಒಡೆದು ಬಿದ್ದರೆ ಒಳಗಿನ ದೀಪ ಬೆಳ್ಳಗೆ ಕಾಣುವುದು. ಎಂದರೆ ಒಡೆದ ಸಿಗ್ನಲ್ಲು ದಾರಿ ತೆರವಾಗಿದೆಯೆಂದು ಸುಳ್ಳಾಡುವುದು. ಬಿಳಿಯನ್ನು ಕೈಬಿಟ್ಟು ಹಸುರನ್ನು ಆ ಸ್ಥಾನಕ್ಕೆ ತಂದುದು ಈ ಕಾರಣದಿಂದ. ಹಸುರೆಂದರೆ ಕ್ಷೇಮವೆಂಬುದು ಸೃಷ್ಟಿಯ ನಿಯಮವೆಂದೇ ತಿಳಿದಿದ್ದ ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿ ಬೆರಗಾಗುತ್ತಿದ್ದರು.

1998ರ ಜನವರಿ 26ರಿಂದ ಕೊಂಕಣ ರೈಲುದಾರಿ ಆದ್ಯಂತವಾಗಿ ತೆರೆದು, ಪಶ್ಚಿಮದ ಕಡಲು ಕಂಡವರಿಗೆಲ್ಲ ರೈಲೂ ಕಾಣಸಿಕ್ಕಿತು. ಆ ವರ್ಷ ಎಂಬತ್ತನ್ನು ದಾಟಿದ್ದ ಮಾವನನ್ನು ಕೈಹಿಡಿದು ಅಂಕೋಲಾ ನಿಲ್ದಾಣಕ್ಕೆ ಕರೆದೊಯ್ದೆನು. ಅವರು ಗಾಡಿಯನ್ನು ನೋಡಲಿಲ್ಲ; ಪ್ಲಾಟ್‌ಫಾರ್ಮಿನ ಕೊನೆಯವರೆಗೆ ನಡೆದುಹೋಗಿ, ತೋಳಿಲ್ಲದ ದೀಪದ ಕಂಬವನ್ನು ತಲೆಯೆತ್ತಿ ನೋಡುತ್ತ ಬಹಳ ಹೊತ್ತು ನಿಂತರು.

“ದೀಪ ಆರಿದ್ರೆ?” ಎಂದು ಕೇಳಿದರು.

ವಿಜ್ಞಾನದ ಶಿಕ್ಷಕನಾಗಿದ್ದರೂ ನನಗೆ ಒಡನೆ ಉತ್ತರ ತೋಚಲಿಲ್ಲ. ತೋಳಿಗೆ ಭಾರವಿದೆ, ಭಾರವನ್ನು ನಂಬಬಹುದು, ಬೆಳಕಿಗೆ ಭಾರವೆಲ್ಲಿಯದು? ಮರುವರ್ಷ ಮಾವ ತೀರಿಕೊಂಡರು. ಅವರ ಪ್ರಶ್ನೆ ನನ್ನಲ್ಲಿ ಉಳಿಯಿತು.

ನಿವೃತ್ತನಾದ ಮೇಲೆ, 2004ರಲ್ಲಿ, ಹೊರದೇಶದಲ್ಲಿರುವ ಮಗ ತಂದುಕೊಟ್ಟ, 16.5 ಮಿಲಿಮೀಟರು ಅಗಲದ ಹಳಿಯ ಮೇಲೆ ಓಡುವ ಆಟದ ರೈಲನ್ನು ನಿಮಿತ್ತವಾಗಿಟ್ಟುಕೊಂಡು, ಮನೆಯ ಮೆತ್ತಿನ ಮೇಲೆ ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಪ್ಲೈವುಡ್ಡಿನ ಹಲಗೆಯ ಮೇಲೆ ನಮ್ಮ ನಿಲ್ದಾಣದ ಮಾದರಿಯೊಂದನ್ನು ಕಟ್ಟತೊಡಗಿದೆನು. ಒಂಟಿ ದಾರಿ, ನಡುವೆ ಗಾಡಿಗಳು ಎದುರುಬದುರಾಗಿ ದಾಟುವುದಕ್ಕೆ ಒಂದು ಲೂಪು. ಬರುವ ಗಾಡಿಗೆ ಮೊದಲು ಡಿಸ್ಟೆಂಟು, ಬಳಿಕ ಹೋಮು. ಹೋಗುವ ಗಾಡಿಗೆ ಸ್ಟಾರ್ಟರು. ಕಂಬಗಳಿಗೆ ಕೆಟ್ಟುಹೋದ ಟ್ರಾನ್ಸಿಸ್ಟರುಗಳ ಏರಿಯಲ್ಲಿನ ಹಿತ್ತಾಳೆಯ ಕೊಳವೆಗಳು ತಕ್ಕಂತೆ ಒದಗಿದುವು. ಅವುಗಳ ಟೊಳ್ಳಿನೊಳಗೆ ಹಳೆಯ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದ, ಕೂದಲಿನಂಥ ಎನಾಮಲ್ ತಂತಿಗಳನ್ನು ಇಳಿಸಿ, ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಎಲ್‌ಇಡಿ ದೀಪಗಳನ್ನು ಬೆಸೆದೆನು. ಬೆಸುಗೆಯ ಕಾವು ಎರಡು ಕ್ಷಣ ಹೆಚ್ಚಾದರೆ ದೀಪ ಸಾಯುವುದು. ಹಾಗೆ ಸತ್ತವು ಅನೇಕ. ಹನ್ನೆರಡು ವೋಲ್ಟಿನಲ್ಲಿ ದೀಪ ತಾನು ಸುಮಾರು ಎರಡನ್ನು ತೆಗೆದುಕೊಳ್ಳುತ್ತದೆ, ಉಳಿದ ಹತ್ತಕ್ಕೆ ಸಾವಿರ ಓಮಿನ ರೆಸಿಸ್ಟರನ್ನು ಅಡ್ಡವಿಟ್ಟರೆ ಹತ್ತು ಮಿಲಿಆಂಪಿಯರು ಮಾತ್ರ ಹರಿದು ದೀಪ ಬಾಳುತ್ತದೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಓಮನ ನಿಯಮವನ್ನು ಕೈಬೆರಳಿನಿಂದ ಅನುಭವಿಸುವುದರಲ್ಲಿ ನಾನು ಅಪರಿಮಿತವಾದ ಆನಂದವನ್ನು ಕಂಡೆನು.

ದೀಪಗಳು ತಾವಾಗಿಯೇ ಬದಲಾಗಬೇಕೆಂದು, ಎಂಜಿನಿನ ಹೊಟ್ಟೆಗೆ ಅಯಸ್ಕಾಂತದ ಚೂರೊಂದನ್ನು ಅಂಟಿಸಿ, ಹಳಿಯ ನಡುವೆ ಅಯಸ್ಕಾಂತಕ್ಕೆ ಮಿಡಿಯುವ ಸ್ವಿಚ್ಚುಗಳನ್ನು ಹುದುಗಿಸಿದೆನು. ಎಂಜಿನು ಒಂದನ್ನು ದಾಟಿದರೆ ಹಿಂದೆ ಕೆಂಪು. ಮುಂದಿನದನ್ನು ದಾಟಿದರೆ ದಾರಿ ತೆರವಾಯಿತೆಂದು ಹಸುರು. ತಿಂಗಳುಗಟ್ಟಲೆ ಇದು ನಿರ್ದೋಷವಾಗಿ ನಡೆಯಿತು. ಒಂದು ದೀಪಾವಳಿಯ ರಜೆಯಲ್ಲಿ, ಏಳು ವರ್ಷದ ಮೊಮ್ಮಗಳು ಎರಡನೆಯ ಗಾಡಿಯನ್ನು ಓಡಿಸುತ್ತಿದ್ದಾಗ, ಮೊದಲನೆಯ ಗಾಡಿಯ ಕೊಂಡಿ ಕಳಚಿ ಕೊನೆಯ ಎರಡು ಡಬ್ಬಿಗಳು ತಿರುವಿನಲ್ಲಿ ಉಳಿದುವು. ಎಂಜಿನು ಮಾತ್ರ ಮುಂದಿನ ಸ್ವಿಚ್ಚನ್ನು ದಾಟಿತು, ಸಿಗ್ನಲ್ಲು ಹಸುರಾಯಿತು, ಮಗು ಹಸುರನ್ನು ನಂಬಿ ತನ್ನ ಗಾಡಿಯನ್ನು ಬಿಟ್ಟಳು. ಡಬ್ಬಿಗಳು ಹಲಗೆಯ ಮೇಲಿನಿಂದ ನೆಲಕ್ಕೆ ಬಿದ್ದು ಒಡೆದುವು.

“ಅಜ್ಜಾ, ಹಸಿರು ಇತ್ತಲ್ಲ!”

ಅವಳ ಧ್ವನಿಯಲ್ಲಿದ್ದುದು ಡಬ್ಬಿ ಒಡೆದ ದುಃಖವಲ್ಲ. ನಂಬಿದ್ದು ಮೋಸಮಾಡಿತಲ್ಲಾ ಎಂಬ ದಿಗ್ಭ್ರಮೆ. ಅಡಕತ್ತರಿಯಿಂದ ಕತ್ತರಿಸಿದ ದಾರ ಐವತ್ತು ವರ್ಷಗಳ ಬಳಿಕ ಮತ್ತೊಮ್ಮೆ ನನ್ನೆದುರು ಬಿದ್ದಿತ್ತು. ನಿಜವಾದ ರೈಲುದಾರಿಯಲ್ಲಿ ಕೊನೆಯ ಡಬ್ಬಿಯ ಬೆನ್ನಿಗೆ ಫಲಕವನ್ನೋ ದೀಪವನ್ನೋ ತೂಗುಹಾಕಿ, ಅದು ಕಣ್ಣಿಗೆ ಕಂಡ ಮೇಲಲ್ಲದೆ ಗಾಡಿ ಇಡಿಯಾಗಿ ಬಂದಿತೆಂದು ಒಪ್ಪದಿರುವುದು ಇದಕ್ಕಾಗಿಯೇ ಎಂಬುದು ನನಗೆ ಗೊತ್ತಿದ್ದಿತು. ಆದರೂ ನನ್ನ ಹಲಗೆಯ ಮೇಲೆ ಎಂಜಿನನ್ನೇ ಗಾಡಿಯೆಂದು ಎಣಿಸಿದ್ದೆನು.

ಆ ವೇಳೆಗೆ ನಾನು ಓದಿದ ವಿಲಿಯಂ ರಾಬಿನ್ಸನ್ ಎಂಬ ಅಮೆರಿಕನ್ನನ ವೃತ್ತಾಂತ ನನ್ನನ್ನು ಬಹಳವಾಗಿ ಸಂತೈಸಿತು. ಆತನೂ ಮೊದಲು ಮಾದರಿಯೊಂದನ್ನು ಮಾಡಿ, 1870ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಜನರಿಗೆ ತೋರಿಸಿದನು. ಗಾಡಿಯ ಗಾಲಿ ಸನ್ನೆಯನ್ನೊತ್ತಿದರೆ ವಿದ್ಯುತ್ತು ಹರಿದು ಸಿಗ್ನಲ್ಲು ನಿಲ್ಲೆನ್ನುವುದು ಅದರ ತತ್ತ್ವ. ತಂತಿ ಹರಿದರೆ, ಬ್ಯಾಟರಿ ಬತ್ತಿದರೆ ಅದು ನಿಲ್ಲೆನ್ನಲಾರದೆಂಬುದನ್ನು ಆತನೇ ಕಂಡುಕೊಂಡು, 1872ರಲ್ಲಿ ಎಲ್ಲವನ್ನೂ ತಿರುಗಿಸಿದನು. ಹಳಿಯ ಒಂದು ತುಂಡನ್ನು ಅಕ್ಕಪಕ್ಕದ ಹಳಿಗಳಿಂದ ಬೇರ್ಪಡಿಸಿ, ಒಂದು ಕೊನೆಗೆ ಬ್ಯಾಟರಿಯನ್ನೂ ಇನ್ನೊಂದು ಕೊನೆಗೆ ರಿಲೇಯನ್ನೂ ಕೂಡಿಸಿದರೆ ಹಳಿಯುದ್ದಕ್ಕೂ ವಿದ್ಯುತ್ತು ಸದಾ ಹರಿಯುತ್ತಿರುತ್ತದೆ; ಹರಿಯುವಷ್ಟು ಹೊತ್ತು ರಿಲೇ ತನ್ನ ನಾಲಗೆಯನ್ನು ಮೇಲಕ್ಕೆತ್ತಿ ಹಿಡಿದು ಹಸುರನ್ನು ತೋರುತ್ತದೆ. ಗಾಡಿಯ ಒಂದೇ ಒಂದು ಅಚ್ಚು ಆ ಹಳಿಗಳ ಮೇಲೆ ಬಂದರೂ ವಿದ್ಯುತ್ತು ಅಚ್ಚಿನ ಮೂಲಕವೇ ಮರಳಿಬಿಡುವುದರಿಂದ ರಿಲೇಯ ನಾಲಗೆ ಬೀಳುತ್ತದೆ, ಕೆಂಪು ಹತ್ತುತ್ತದೆ. ತಂತಿ ಹರಿದರೂ ಬೀಳುತ್ತದೆ. ಹಳಿ ತುಂಡಾದರೂ ಬೀಳುತ್ತದೆ. ಬ್ಯಾಟರಿ ಸತ್ತರೂ ಬೀಳುತ್ತದೆ. ರೈಲಿನವರು ಬಳಸುವ ಇಂಥ ರಿಲೇಗಳಲ್ಲಿ ಆ ನಾಲಗೆ ಬೀಳುವುದು ತನ್ನ ಭಾರದಿಂದಲೇ. ಮಾವ ಹುಡುಕುತ್ತಿದ್ದ ಸೀಸದ ಗುಂಡು ಕಂಬವನ್ನು ಬಿಟ್ಟು ಪೆಟ್ಟಿಗೆಯೊಳಗೆ ಸೇರಿಕೊಂಡಿದ್ದಿತು.

ಎರಡು ಮಳೆಗಾಲಗಳು ಈ ಪುನರ್ನಿರ್ಮಾಣದಲ್ಲಿಯೇ ಕಳೆದುವು. ಹಳಿಗಳಲ್ಲಿ ಎಂಜಿನನ್ನು ಓಡಿಸುವ ವಿದ್ಯುತ್ತು ಹರಿಯುತ್ತಿದ್ದರೆ ರಾಬಿನ್ಸನ್ನನ ಯುಕ್ತಿ ಸಾಗದು. ಆದ್ದರಿಂದ ಆ ವಿದ್ಯುತ್ತನ್ನು ತೆಗೆದುಹಾಕಿ, ಎಂಜಿನಿನೊಳಗೇ ಬ್ಯಾಟರಿಯನ್ನಿಟ್ಟು, ಆಟದ ಮೋಟಾರಿನಿಂದ ಬಿಚ್ಚಿದ ರಿಮೋಟಿನಿಂದ ಅದನ್ನು ನಡೆಸುವಂತೆ ಮಾಡಿದೆನು. ಡಬ್ಬಿಗಳ ಜೋಡಿಗಾಲಿಗಳು ಒಂದಕ್ಕೊಂದು ವಿದ್ಯುತ್ತು ಹಾಯದಂತೆ ಮಾಡಿದವು. ಆದುದರಿಂದ ಪ್ರತಿಯೊಂದು ಅಚ್ಚಿಗೂ ತಾಮ್ರದ ಎಳೆಯನ್ನು ಬೆಸೆದು ಕೂಡಿಸಿದೆನು. ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಗಾಳಿಯಲ್ಲಿಯೇ ಉಪ್ಪಿರುವ ನಮ್ಮ ಸೀಮೆಯಲ್ಲಿ ಹಳಿಯ ಮೇಲೆ ಮಂಕು ಪದರವೊಂದು ಬೇಗನೆ ಕವಿಯುತ್ತದೆ. ಕವಿದರೆ ಗಾಲಿ ಹಳಿಯನ್ನು ಮುಟ್ಟಿಯೂ ಮುಟ್ಟದಂತಾಗಿ, ಗಾಡಿ ಇದ್ದರೂ ಇಲ್ಲವೆಂದು ರಿಲೇ ಭ್ರಮಿಸುತ್ತದೆ. ಈ ಒಂದು ದೋಷಕ್ಕೆ ರಾಬಿನ್ಸನ್ನನ ಯುಕ್ತಿಯಲ್ಲಿಯೂ ಪರಿಹಾರವಿಲ್ಲ. ಇಂದು ಎಷ್ಟೋ ಕಡೆ ಒಳಹೊಕ್ಕ ಅಚ್ಚುಗಳನ್ನೂ ಹೊರಬಿದ್ದ ಅಚ್ಚುಗಳನ್ನೂ ಎಣಿಸಿ ತಾಳೆನೋಡುವ ಯಂತ್ರಗಳನ್ನು ಇಟ್ಟಿರುವರಷ್ಟೆ. ನಾನು ಪ್ರತಿ ರವಿವಾರ ಬೆಳಗ್ಗೆ ಹಳಿಗಳನ್ನು ಬಟ್ಟೆಯಿಂದ ಉಜ್ಜುವ ನೇಮವನ್ನು ಇಟ್ಟುಕೊಂಡೆನು. ಮಾವ ಕ್ಯಾಸಲ್‌ರಾಕಿನ ಕಡೆಯ ಕೈಮರಕ್ಕೆ ಎಣ್ಣೆ ಹಾಕುತ್ತಿದ್ದುದು ಆಗೆಲ್ಲ ನೆನಪಿಗೆ ಬರುವುದು.

ಅವರ ಪ್ರಶ್ನೆಗೆ ಉತ್ತರ ದೊರೆತುದೂ ಈ ಅವಧಿಯಲ್ಲಿಯೇ. ಸಿಗ್ನಲ್ಲಿನ ದೀಪ ಆರಿಹೋಗಿದ್ದರೆ ಅದು ಕೊಡಬಲ್ಲ ಸೂಚನೆಗಳಲ್ಲಿ ಅತ್ಯಂತ ಕಟ್ಟುನಿಟ್ಟಾದುದನ್ನೇ ಕೊಟ್ಟಿತೆಂದು ಡ್ರೈವರು ತಿಳಿಯಬೇಕೆಂಬುದು ರೈಲಿನ ನಿಯಮ. ಯಂತ್ರ ಮೌನವಾದಾಗ ಭಾರದ ಕೆಲಸವನ್ನು ಮನುಷ್ಯನ ಶಿಕ್ಷಣ ಮಾಡಬೇಕು. ಇದನ್ನು ಮೊಮ್ಮಗಳಿಗೆ ಹೇಳಿಕೊಟ್ಟೆನು. ಆಷಾಢದ ಒಂದು ಸಂಜೆ, ಸಿಡಿಲು ಬಡಿದು ಕರೆಂಟು ಹೋಗಿ, ಮೆತ್ತಿನ ಮೇಲಿನ ಸಿಗ್ನಲ್ಲುಗಳೆಲ್ಲ ಒಮ್ಮೆಗೇ ಆರಿದುವು. ಬ್ಯಾಟರಿಯ ಎಂಜಿನು ಮಾತ್ರ ಕತ್ತಲಲ್ಲಿ ಓಡುತ್ತಲೇ ಇದ್ದಿತು. ನಾನು ಕಂದೀಲನ್ನು ಹೊತ್ತಿಸಿಕೊಂಡು ಮೇಲೆ ಬರುವಷ್ಟರಲ್ಲಿ ಆ ಶಬ್ದ ನಿಂತಿದ್ದಿತು. ಮಗು ಗಾಡಿಯನ್ನು ಆರಿದ ಹೋಮಿನ ಈಚೆಗೆ, ಒಂದು ಗೇಣಿನ ಅಂತರದಲ್ಲಿ ನಿಲ್ಲಿಸಿ, ರಿಮೋಟನ್ನು ಮಡಿಲಿನಲ್ಲಿಟ್ಟುಕೊಂಡು ಕೂತಿದ್ದಳು. ಕರೆಂಟು ಬರುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ಗಾಡಿಯನ್ನು ಬಿಡಲಿಲ್ಲ.

ಹಲಗೆಯ ಪೂರ್ವದ ಅಂಚಿನಲ್ಲಿ ಘಟ್ಟದ ಕಡೆಗೆ ಹೊರಡುವ ಒಂದು ಕವಲುದಾರಿಯನ್ನೂ ಹಾಕಿದ್ದೇನೆ. 1996-97ರ ರೈಲ್ವೆ ಮುಂಗಡಪತ್ರದಲ್ಲಿ ಸೇರಿದ ಹುಬ್ಬಳ್ಳಿ–ಅಂಕೋಲಾ ದಾರಿಯದು. ಕಾಡಿನ ಪ್ರಶ್ನೆಯಿಂದ ಆ ದಾರಿ ಇನ್ನೂ ನಮ್ಮ ಕಡೆಗೆ ಇಳಿದು ಬಂದಿಲ್ಲ. ದಾರಿಯೂ ಬೇಕು, ಘಟ್ಟದ ಕಾಡೂ ಉಳಿಯಬೇಕು ಎಂಬ ಎರಡು ಆಸೆಗಳೂ ನನ್ನಲ್ಲಿ ಸಮವಾಗಿಯೇ ಇವೆ. ನನ್ನ ಹಲಗೆಯ ಮೇಲೆ ಅದು ಎರಡು ಅಡಿ ಹೋಗಿ ನಿಲ್ಲುತ್ತದೆ. ಅದರ ಬಾಯಿಯಲ್ಲಿ ನಿಲ್ಲಿಸಿದ ಸಿಗ್ನಲ್ಲಿಗೆ ನಾನು ಹಸುರು ದೀಪವನ್ನು ಬೆಸೆದಿಲ್ಲ.

ಜಗುಲಿಯ ಮೇಲಿನ ಹಳೆಯ ಕೈಮರ ಇನ್ನೂ ನನ್ನಲ್ಲಿದೆ. ಕೊಡೆಯ ಕಡ್ಡಿ ತುಕ್ಕು ಹಿಡಿದಿದೆ, ತಗಡಿನ ಕೆಂಪು ಬಣ್ಣ ಮುಕ್ಕಾಲುಪಾಲು ಉದುರಿದೆ, ಬೇಲೇಕೇರಿಯ ಸೀಸದ ಗುಂಡು ಹಾಗೆಯೇ ಇದೆ. ದಾರ ಎಂದೋ ಜೀರ್ಣವಾಗಿ ಹೋಯಿತು. ತೋಳು ಅಡ್ಡವಾಗಿ ನಿಂತಿದೆ.